ಮಳೆಗಾಲ ತಾಳುವ ಇಂಟರ್‌ನೆಟ್ ಯಾವುದು? ಕೊಡಗಿನ ನಾಪೋಕ್ಲು ಕಡೆಯ ಮನೆಗೆ ಸಲಹೆ ಬೇಕು

ವಾಪಸ್ ಬಂದವಳು · ಮೇ 4, ಸಂಜೆ

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷ ಬೆಂಗಳೂರಿನಲ್ಲಿದ್ದು ಈಗ ಊರಿಗೆ ಬಂದಿದ್ದೇನೆ. ಮನೆ ನಾಪೋಕ್ಲು ಪೇಟೆಯಿಂದ ಆರು ಕಿಲೋಮೀಟರ್. ಅದರಲ್ಲಿ ಕೊನೆಯ ಒಂದೂವರೆ ಕಿಲೋಮೀಟರ್ ತೋಟದ ರಸ್ತೆ. ಅಪ್ಪ ಅಮ್ಮ ಇಬ್ಬರೇ ಇದ್ದಾಗ ಮೊಬೈಲ್ ನೆಟ್‌ನಲ್ಲೇ ನಡೆಯುತ್ತಿತ್ತು. ಈಗ ನನಗೆ ದಿನಕ್ಕೆ ನಾಲ್ಕೈದು ವೀಡಿಯೊ ಮೀಟಿಂಗ್. ಅಂಗಳದ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ನಿಂತರೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಮೇ ತಿಂಗಳಲ್ಲಿ ಅಲ್ಲಿ ಕುರ್ಚಿ ಹಾಕಿ ಕೂರಬಹುದು. ಜುಲೈಯಲ್ಲಿ?

ಮೂರು ದಾರಿ ಕಾಣುತ್ತಿದೆ. ಕೇಬಲ್ ಟಿವಿ ನಡೆಸುವ ಒಬ್ಬರು ಮುಖ್ಯ ರಸ್ತೆಯಿಂದ ಫೈಬರ್ ಎಳೆದು ಕೊಡುತ್ತೇನೆ ಅಂತಾರೆ. ಕೇಬಲ್, ಕೂಲಿ ಸೇರಿ 14 ಸಾವಿರ ಕೇಳಿದ್ದಾರೆ. ಇನ್ನೊಂದು ಕಂಪನಿಯವರು ವೈರೇ ಬೇಡ, ಮಾಡಿನ ಮೇಲೆ ಒಂದು ಡಬ್ಬ ಕೂರಿಸಿದರೆ ಸಾಕು ಅಂತಾರೆ. ಮೂರನೆಯದು ಸಿಮ್ ಹಾಕುವ ರೂಟರ್. ಸ್ಪೀಡ್ ಎಲ್ಲರೂ 100 ಅನ್ನುತ್ತಾರೆ. ನಿಮ್ಮ ಅನುಭವ ಹೇಳಿ.

ವೇದಿಕೆ ಕಾವಲು · ಮೇ 4, ರಾತ್ರಿ

ಹಳೇ ನಿಯಮ ಇನ್ನೊಮ್ಮೆ. ದರ, ಪ್ಲಾನ್ ಬರೆಯುವಾಗ ಕಂಪನಿ ಹೆಸರು ಹಾಕಿ. ಬೈಯುವಾಗ ಬೇಡ. ನಮ್ಮಲ್ಲಿ ಊರಿಗೊಬ್ಬನೇ ವೈರ್ ಎಳೆಯುವವನು. ಕಂಪನಿ ಹೆಸರು ಹಾಕಿದರೆ ಬೈಗುಳ ನೇರ ಅವನ ಮನೆ ಬಾಗಿಲಿಗೆ ಹೋಗುತ್ತದೆ.

ಕುಶಾಲನಗರ ಕೋಡ್ · ಮೇ 4, ರಾತ್ರಿ

ದರ ನಾನು ಹೇಳುತ್ತೇನೆ, ಕಳೆದ ತಿಂಗಳು ಇದೇ ಕೆಲಸ ಮಾಡಿದ್ದೆ. ನಾನು ನೋಡಿದಾಗ ಜಿಯೋ ಫೈಬರ್‌ನಲ್ಲಿ 30 ಎಂಬಿಪಿಎಸ್‌ಗೆ 399, 100ಕ್ಕೆ 699. ಏರ್‌ಟೆಲ್‌ನಲ್ಲಿ 40ಕ್ಕೆ 499, 100ಕ್ಕೆ 799. ಬಿಎಸ್‌ಎನ್‌ಎಲ್ ಫೈಬರ್‌ನಲ್ಲಿ 30ಕ್ಕೆ 449. ಎಲ್ಲದಕ್ಕೂ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅಂದರೆ 399 ಅಂತ ಬೋರ್ಡ್ ಹಾಕಿದ್ದು ಕೈಗೆ ಬರುವಾಗ 471. ಜಿಯೋ ಏರ್‌ಫೈಬರ್, ಅಂದರೆ ಆ ಡಬ್ಬದ್ದು, 30ಕ್ಕೆ 599ರಿಂದ ಶುರು.

‘ಅನ್‌ಲಿಮಿಟೆಡ್’ ಅನ್ನುವುದನ್ನೂ ಓದಿ ನೋಡಿ. ಫೈಬರ್ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 3300 ಜಿಬಿ ಮಿತಿ. ಏರ್‌ಫೈಬರ್‌ನಲ್ಲಿ 1000 ಜಿಬಿ. 3300 ದೊಡ್ಡದೇ. 30ರ ಲೈನನ್ನು ಹಗಲೂ ರಾತ್ರಿ ಪೂರ್ತಿ ಓಡಿಸಿದರೂ ಹತ್ತು ದಿನ ಬೇಕು ಮುಗಿಸಲು.

ನನ್ನ ಸಲಹೆ: 100ರದ್ದೇ ಹಾಕಿಸಿ. ನನಗೆ ಎರಡು ವರ್ಷದಿಂದ ಏನೂ ತೊಂದರೆ ಇಲ್ಲ.

ಶಾಂತಳ್ಳಿ ಮಳೆ · ಮೇ 5, ಬೆಳಗ್ಗೆ

ಕುಶಾಲನಗರ ಬಯಲು, ಮಾರಾಯ್ರೆ. ನಿಮ್ಮಲ್ಲಿ ಮಳೆ ಅಂದರೆ ಕೊಡೆ ಹಿಡಿಯುವುದು. ನಮ್ಮಲ್ಲಿ ಮಳೆ ಅಂದರೆ ಕರೆಂಟ್ ಹೋಗಿ ನಾಲ್ಕನೇ ದಿನ ಮೊಬೈಲ್ ಚಾರ್ಜಿಗೆ ಜೀಪ್ ಸ್ಟಾರ್ಟ್ ಮಾಡುವುದು.

ಅಕ್ಕಾ, ಯಾವ ಕಂಪನಿ ಅನ್ನುವುದಕ್ಕಿಂತ ಮೊದಲು ಒಂದು ಕೇಳಿ. ಕರೆಂಟ್ ಹೋದಾಗ ನೆಟ್ ಕೊಡುವವರ ಕಡೆಯ ಮಷಿನ್ ಎಷ್ಟು ಹೊತ್ತು ಓಡುತ್ತದೆ? ನಮ್ಮ ಮನೆಯಲ್ಲಿ ಇನ್ವರ್ಟರ್ ಇದೆ, ರೂಟರ್ ದೀಪ ಉರಿಯುತ್ತದೆ, ನೆಟ್ ಮಾತ್ರ ಇಲ್ಲ. ಯಾಕೆ ಅಂತ ಹೋಗಿ ನೋಡಿದರೆ ಪೇಟೆಯ ಅಂಗಡಿ ಹಿಂದೆ ಇಟ್ಟಿರುವ ಅವರ ಮಷಿನ್‌ಗೆ ಒಂದೇ ಒಂದು ಹಳೇ ಬ್ಯಾಟರಿ. ಎರಡು ಗಂಟೆಗೆ ಸುಸ್ತು. ಟವರ್‌ಗಳಿಗೂ ಹಾಗೇ. ಜನರೇಟರ್ ಇರುತ್ತದೆ, ಡೀಸೆಲ್ ಇರುವುದಿಲ್ಲ.

ಗೋಣಿಕೊಪ್ಪ ಗೇಮ್ · ಮೇ 5, ಮಧ್ಯಾಹ್ನ

ಡಬ್ಬದ ನೆಟ್ ಒಂದೂವರೆ ವರ್ಷದಿಂದ ಬಳಸುತ್ತಿದ್ದೇನೆ. ಒಳ್ಳೇದೂ ಹೇಳುತ್ತೇನೆ, ಕೆಟ್ಟದ್ದೂ ಹೇಳುತ್ತೇನೆ.

ಒಳ್ಳೇದು: ಬುಕ್ ಮಾಡಿದ ಮೂರನೇ ದಿನ ಬಂದು ಹಾಕಿದರು. ವೈರ್ ತುಂಡಾಗುವ ತಲೆನೋವು ಇಲ್ಲ. ಮೊದಲ ಬೇಸಿಗೆ ಪೂರ್ತಿ 90ಕ್ಕೆ ಕಮ್ಮಿ ಇಳಿಯಲಿಲ್ಲ.

ಕೆಟ್ಟದ್ದು: ನಮ್ಮ ಮಾಡಿಗೂ ಟವರ್‌ಗೂ ಮಧ್ಯೆ ಪಕ್ಕದವರ ಸಿಲ್ವರ್ ಓಕ್ ಸಾಲು. ಹಾಕಿದಾಗ ಅದರ ತುದಿ ಡಬ್ಬಕ್ಕಿಂತ ಸ್ವಲ್ಪ ಕೆಳಗಿತ್ತು. ಈಗ ಮೇಲೆ ಬಂದಿದೆ. ಎಲೆ ಒದ್ದೆಯಾದರೆ ಸಿಗ್ನಲ್ ನುಂಗಿಬಿಡುತ್ತದೆ. ಮಂಜು ಇದ್ದರೆ ಏನೂ ಆಗುವುದಿಲ್ಲ, ಮಳೆ ನಿಂತು ಮರ ತೊಟ್ಟಿಕ್ಕುವಾಗ 15ಕ್ಕೆ ಬರುತ್ತದೆ. ಸಂಜೆ ಏಳರಿಂದ ಹತ್ತು ಇನ್ನೂ ನಿಧಾನ, ಯಾಕೆಂದರೆ ಅದೇ ಟವರ್‌ನಲ್ಲಿ ಇಡೀ ಪೇಟೆಯ ಮೊಬೈಲ್‌ಗಳೂ ಇವೆ. ಅಪ್‌ಲೋಡ್ ಮೊದಲಿಂದಲೂ ಕಮ್ಮಿ. ಮೀಟಿಂಗಿನಲ್ಲಿ ನಿಮಗೆ ಬೇರೆಯವರು ಚೆನ್ನಾಗಿ ಕಾಣುತ್ತಾರೆ, ಅವರಿಗೆ ನೀವು ಕಲ್ಲಿನ ವಿಗ್ರಹ.

ನಾಪೋಕ್ಲಿನಿಂದ ಆರು ಕಿಲೋಮೀಟರ್ ತೋಟದ ಒಳಗೆ ಅಂದರೆ, ಹಾಕಿಸುವ ಮುಂಚೆ ಮಾಡಿನ ಮೇಲೆ ಹತ್ತಿ ಬರಿಗಣ್ಣಿಗೆ ಟವರ್ ಕಾಣುತ್ತದಾ ನೋಡಿ.

ವಾಪಸ್ ಬಂದವಳು · ಮೇ 5, ಸಂಜೆ

ಹತ್ತಿ ನೋಡಿದೆ. ಟವರ್ ಕಾಣಲಿಲ್ಲ. ಎರಡು ಹಂಚು ಒಡೆದವು. ಅಪ್ಪ ಇನ್ನೂ ಮಾತಾಡುತ್ತಿಲ್ಲ.

ಹೋಂಸ್ಟೇ ಅಕ್ಕ, ಕಕ್ಕಬ್ಬೆ · ಮೇ 5, ರಾತ್ರಿ

ಗೆಸ್ಟ್‌ಗಳು ಪಂದಿ ಕರಿ ಇದೆಯಾ ಅಂತ ಕೇಳುವ ಮುಂಚೆ ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಹಾಗಾಗಿ ನಾನು ಈ ವಿಷಯದಲ್ಲಿ ದುಡ್ಡು ಸುರಿದು ಕಲಿತವಳು.

ಕಸ್ಟಮರ್ ಕೇರ್ ಬಗ್ಗೆ ಒಂದು ಕಥೆ. ಹೋದ ವರ್ಷ ಜೂನ್‌ನಲ್ಲಿ ನಮ್ಮ ಗೇಟಿನ ಹತ್ತಿರದ ಅತ್ತಿಮರದ ಕೊಂಬೆ ಬಿದ್ದು ವೈರ್ ತುಂಡಾಯಿತು. ನನ್ನ ಕಣ್ಣೆದುರೇ ಕಾಫಿ ಗಿಡದ ಮೇಲೆ ಕರೀ ಹಾವಿನ ಹಾಗೆ ಬಿದ್ದಿದೆ. ಫೋನ್ ಮಾಡಿದೆ. ಆ ಕಡೆ ಹುಡುಗಿ ಪಾಪ, ತುಂಬ ಮರ್ಯಾದೆಯಿಂದ, ‘ಮೇಡಂ, ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ’ ಅಂದಳು. ವೈರ್ ತುಂಡಾಗಿದೆ ಅಂದೆ. ‘ಸರಿ ಮೇಡಂ, ಈಗ ಯಾವ ದೀಪ ಉರಿಯುತ್ತಿದೆ?’ ಅಂದಳು. ಹತ್ತು ನಿಮಿಷ ಆದ ಮೇಲೆ ‘ನಿಮ್ಮ ಏರಿಯಾದಲ್ಲಿ ಯಾವ ತೊಂದರೆಯೂ ದಾಖಲಾಗಿಲ್ಲ’ ಅಂತ ಮುಗಿಸಿದಳು. ಮರುದಿನ ನನಗೆ ಮೆಸೇಜ್: ನಿಮ್ಮ ದೂರು ಪರಿಹಾರವಾಗಿದೆ. ವೈರ್ ಇನ್ನೂ ಕಾಫಿ ಗಿಡದ ಮೇಲೆಯೇ ಇತ್ತು.

ಸರಿ ಮಾಡಿದ್ದು ಯಾರು? ನಮ್ಮ ಕೇಬಲ್ ಹುಡುಗ. ಒಳ್ಳೆಮೆಣಸು ಕುಯ್ಯುವ ನಮ್ಮ ಬಿದಿರು ಏಣಿಯನ್ನೇ ತೆಗೆದುಕೊಂಡು, ಮಳೆಕೋಟು ಹಾಕಿ ಹತ್ತಿದ. ಈಗ ನಾನು ಹೊಸಬರಿಗೆ ಹೇಳುವುದು ಒಂದೇ. ಕಂಪನಿ ಆಮೇಲೆ ನೋಡಿ. ಮೊದಲು ಯಾರು ಏಣಿ ಹತ್ತುತ್ತಾರೆ, ಅವರ ಮನೆ ಎಷ್ಟು ದೂರ, ಫೋನ್ ತೆಗೆಯುತ್ತಾರಾ ಅಂತ ವಿಚಾರಿಸಿ.

ಸಿದ್ದಾಪುರ ಸೋಲಾರ್ ಬೇಲಿ · ಮೇ 6, ಬೆಳಗ್ಗೆ

ಎಲ್ಲ ಕೇಬಲ್ ಹುಡುಗರೂ ಹಾಗಿಲ್ಲ ಅಕ್ಕ. ನಮ್ಮಲ್ಲಿ ಒಬ್ಬರು ದುಡ್ಡು ತೆಗೆದುಕೊಂಡು ಆರು ತಿಂಗಳು ಕಾಣಲೇ ಇಲ್ಲ. ಪ್ರತಿ ಸಲ ಬಂದಾಗ ಪೆಟ್ರೋಲ್‌ಗೆ 300, ಇಲ್ಲದಿದ್ದರೆ ವೈರ್ ಸೇರಿಸುವ ಮಷಿನ್ ರಿಪೇರಿಯಲ್ಲಿದೆ ಅನ್ನುವುದು.

ನಮ್ಮ ಕಡೆ ಇನ್ನೊಂದು ವಿಷಯ ಇದೆ, ಆನೆ. ರಾತ್ರಿ ಹಲಸು ತಿನ್ನಲು ಬಂದು ಬೇಲಿ, ಕಂಬ, ವೈರ್ ಎಲ್ಲ ಒಟ್ಟಿಗೆ ಎಳೆದುಕೊಂಡು ಹೋಗುತ್ತದೆ. ಆನೆ ಇದೆ ಅಂತ ಗೊತ್ತಾದರೆ ಯಾವ ಲೈನ್‌ಮ್ಯಾನೂ ಬರುವುದಿಲ್ಲ, ಬರುವುದೂ ತಪ್ಪು.

ಹೋಂಸ್ಟೇ ಅಕ್ಕ, ಕಕ್ಕಬ್ಬೆ · ಮೇ 6, ಬೆಳಗ್ಗೆ

ಪೆಟ್ರೋಲ್‌ಗೆ 300 ನಾನೂ ಕೊಡುತ್ತೇನೆ. ತಿಂಗಳ ಬಾಡಿಗೆಯಲ್ಲಿ ಅವನಿಗೆ ಸಿಗುವ ಪಾಲು ಎಷ್ಟು ಅಂತ ಒಮ್ಮೆ ಕೇಳಿ ನೋಡಿ. ಹತ್ತು ಮನೆಗೆ ಹತ್ತು ಕಿಲೋಮೀಟರ್ ವೈರ್ ನೋಡಿಕೊಳ್ಳಬೇಕು ಅವನು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಲಿಫ್ಟ್‌ನಲ್ಲೇ ಇನ್ನೂರು ಮನೆ ಮುಗಿಯುತ್ತದೆ.

ಹಳೇ ಟೆಲಿಫೋನ್ · ಮೇ 6, ರಾತ್ರಿ

ನಾನು ಲೈನ್ ಕೆಲಸದಲ್ಲಿ ಮೂವತ್ತು ಚಿಲ್ಲರೆ ವರ್ಷ ಇದ್ದು ನಿವೃತ್ತಿ ಆದವನು. ತಾಮ್ರದ ವೈರ್ ಕಾಲದಿಂದ ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಎಲ್ಲರೂ ಸ್ಪೀಡ್ ಕೇಳುತ್ತೀರಿ. ಅದು ಪೇಪರ್ ಮೇಲಿನ ಲೆಕ್ಕ. ನೀವು ಕೇಳಬೇಕಾದ್ದು ಬೆಳಕು ಎಷ್ಟು ಬರುತ್ತದೆ ಅಂತ. ಫೈಬರ್ ಅಂದರೆ ಕೂದಲಿನಂಥ ಗಾಜು, ಅದರೊಳಗೆ ಬೆಳಕು. ಅದನ್ನು ಡಿಬಿಎಂ ಅಂತ ಅಳೆಯುತ್ತಾರೆ. ಮನೆಗೆ ಬರುವಾಗ ಮೈನಸ್‌ನಲ್ಲಿರುತ್ತದೆ. ಮೈನಸ್ 18ರಿಂದ 22 ಇದ್ದರೆ ಚೆನ್ನಾಗಿದೆ. 25 ದಾಟಿದರೆ ಎಚ್ಚರ. ಮನೆಯ ಡಬ್ಬಗಳು ಸಾಮಾನ್ಯವಾಗಿ ಮೈನಸ್ 27ರ ತನಕ ಓದುತ್ತವೆ, ಆಮೇಲೆ ಕೆಂಪು ದೀಪ. ಪ್ರತಿ 3 ಇಳಿದರೆ ಬೆಳಕು ಅರ್ಧ ಆಯಿತು ಅಂತ ಅರ್ಥ.

ಬೆಳಕು ಎಲ್ಲಿ ಹೋಗುತ್ತದೆ? ದೂರದಲ್ಲಿ ಅಲ್ಲ. ಒಂದು ಕಿಲೋಮೀಟರ್ ಗಾಜಿನಲ್ಲಿ ಕಾಲು ಡಿಬಿ, ಹೆಚ್ಚೆಂದರೆ 0.35. ಈ ಪದ್ಧತಿ ಮಾಡಿರುವುದೇ 20 ಕಿಲೋಮೀಟರ್ ತನಕ ಓಡಲಿ ಅಂತ. ಒಂದೇ ಗಾಜಿನಿಂದ 32 ಮನೆಗೆ ಹಂಚುವ ಸ್ಪ್ಲಿಟರ್‌ನಲ್ಲಿ ಸುಮಾರು 17 ಹೋಗುತ್ತದೆ, ಅದು ಮೊದಲೇ ಲೆಕ್ಕದಲ್ಲಿದೆ. ಲೆಕ್ಕಕ್ಕೆ ಬಾರದ್ದು ಜಾಯಿಂಟ್. ಮಷಿನ್‌ನಲ್ಲಿ ಕರಗಿಸಿ ಸೇರಿಸಿದ ಜಾಯಿಂಟ್‌ನಲ್ಲಿ 0.1 ಕೂಡ ಹೋಗುವುದಿಲ್ಲ. ಕೈಯಲ್ಲಿ ಕ್ಲಿಪ್ ಒತ್ತಿ ಸೇರಿಸಿದ್ದರಲ್ಲಿ ಶುರುವಿಗೇ ಜಾಸ್ತಿ ಹೋಗುತ್ತದೆ. ಅದರ ಮೇಲೆ ಬರೀ ಕರೀ ಟೇಪ್ ಸುತ್ತಿಬಿಟ್ಟರೆ ಕಕ್ಕಡದ ಮಳೆಯಲ್ಲಿ ಒಳಗೆ ನೀರು, ಆಮೇಲೆ ಇರುವೆ.

ಹಾಗಾಗಿ ತಂಗೀ, 14 ಸಾವಿರ ಕೊಡುವ ಮುಂಚೆ ಇಷ್ಟು ಮಾತಾಡಿ. ಒಂದೂವರೆ ಕಿಲೋಮೀಟರ್‌ಗೆ 2 ಕಿಲೋಮೀಟರ್ ರೋಲ್ ಒಂದೇ ತರಲಿ. ಮನೆಯಲ್ಲಿ ಉಳಿದ 200, 300 ಮೀಟರ್ ತುಂಡು ಸೇರಿಸಿ ಎಳೆಯಲು ಬಿಡಬೇಡಿ. ವೈರನ್ನು ಮರಕ್ಕೆ ಬಿಗಿಯಾಗಿ ಕಟ್ಟಬಾರದು, ಗಾಳಿಗೆ ಮರ ಆಡುತ್ತದೆ, ಗಾಜು ಆಡುವುದಿಲ್ಲ. ಮಧ್ಯೆ ಎರಡು ಕಡೆ ಹತ್ತು ಹದಿನೈದು ಮೀಟರ್ ಸುರುಳಿ ಬಿಟ್ಟಿರಲಿ, ತುಂಡಾದಾಗ ಎಳೆದು ಸೇರಿಸಲು ಬೇಕು. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದು, ಮುಗಿದ ಮೇಲೇ ಎಳೆಸಿ. ನಾನು ನೋಡಿದ ಹಾಗೆ ಗಾಳಿಗಿಂತ ಜಾಸ್ತಿ ವೈರ್ ತುಂಡು ಮಾಡಿದ್ದು ನಮ್ಮದೇ ತೋಟದ ಕತ್ತಿ.

ಕೊನೆಗೆ ಸಿಡಿಲು. ತಾಮ್ರದ ಕಾಲದಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂತು ಅಂದರೆ ಮೋಡೆಮ್ ಸುಟ್ಟವರ ಸಾಲೇ ನಿಲ್ಲುತ್ತಿತ್ತು. ಗಾಜಿನಲ್ಲಿ ಸಿಡಿಲು ಬರುವುದಿಲ್ಲ. ಆದರೆ ವೈರ್ ಜೊತೆ ಆಧಾರಕ್ಕೆ ಒಂದು ಉಕ್ಕಿನ ತಂತಿ ಇರುತ್ತದೆ, ಅದರಲ್ಲಿ ಬರುತ್ತದೆ. ಮನೆಯ ಹೊರಗೇ ಅದನ್ನು ಕತ್ತರಿಸಿ, ಬರೀ ಫೈಬರ್ ಒಳಗೆ ಬರಲಿ. ಸಿಡಿಲು ಶುರುವಾದರೆ ರೂಟರ್‌ನ ಕರೆಂಟ್ ಪ್ಲಗ್ ಕೀಳುವುದು ಈಗಲೂ ಬೇಕು.

ಕುಶಾಲನಗರ ಕೋಡ್ · ಮೇ 6, ರಾತ್ರಿ

ಸರ್, ಇದು ಗೊತ್ತೇ ಇರಲಿಲ್ಲ. ಈಗಷ್ಟೇ ರೂಟರ್ ಪೇಜ್ ತೆಗೆದು ನೋಡಿದೆ. ಮೈನಸ್ 19.4. ಎರಡು ವರ್ಷ ಸುಖವಾಗಿದ್ದದ್ದು ಕಂಪನಿಯ ಪುಣ್ಯ ಅಂದುಕೊಂಡಿದ್ದೆ.

ಪೊನ್ನಂಪೇಟೆ ಐನ್‌ಮನೆ · ಮೇ 7

ಒಂದು ಸಣ್ಣ ವಿಷಯ. ನಾವು ಆರು ತಿಂಗಳು ಕಂಪನಿಗೆ ಬೈದೆವು, ತಪ್ಪು ನಮ್ಮ ಗೋಡೆಯದ್ದಾಗಿತ್ತು. ಹಳೇ ಮಣ್ಣಿನ ಗೋಡೆ, ಎರಡು ಅಡಿ ದಪ್ಪ. ರೂಟರ್ ಜಗುಲಿಯಲ್ಲಿ, ಮಗ ಹಿಂದಿನ ಕೋಣೆಯಲ್ಲಿ. ಜಗುಲಿಯಲ್ಲಿ 95, ಕೋಣೆಯಲ್ಲಿ 4. ಲ್ಯಾನ್ ಕೇಬಲ್ ಎಳೆದು ಅಲ್ಲಿಗೆ ಇನ್ನೊಂದು ರೂಟರ್ ಇಟ್ಟೆವು, ಮುಗಿಯಿತು. ಸ್ಪೀಡ್ ಟೆಸ್ಟ್ ಮಾಡುವಾಗ ಲ್ಯಾಪ್‌ಟಾಪ್‌ಗೆ ವೈರ್ ಚುಚ್ಚಿ ಮಾಡಿ, ಆಮೇಲೆ ಬೈಯಿರಿ.

ಇನ್ನೊಂದು. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಎಂಬಿ ಡೌನ್‌ಲೋಡ್ ಅಲ್ಲ. ಎಂಟರಿಂದ ಭಾಗಿಸಿ, ಹನ್ನೆರಡೂವರೆ. ನನ್ನ ಭಾವ ಇದಕ್ಕೇ ಒಂದು ಸಲ ಕಂಪನಿ ಆಫೀಸಿಗೆ ಹೋಗಿ ಜಗಳ ಮಾಡಿ ಬಂದಿದ್ದಾರೆ.

ಶನಿವಾರಸಂತೆ · ಮೇ 7, ಸಂಜೆ

ಜಗಳ ಮಾಡುವವರಿಗೆ ದಾರಿ ಹೇಳುತ್ತೇನೆ, ನಾನು ಮಾಡಿ ಗೆದ್ದಿದ್ದೇನೆ. ಹನ್ನೊಂದು ದಿನ ನೆಟ್ ಇರಲಿಲ್ಲ, ಬಿಲ್ ಮಾತ್ರ ಪೂರ್ತಿ ಬಂತು.

ಫೋನ್ ಮಾಡಿದಾಗ ಡಾಕೆಟ್ ನಂಬರ್, ಅಂದರೆ ನಿಮ್ಮ ದೂರಿನ ನಂಬರ್, ಕೇಳಿ ಬರೆದುಕೊಳ್ಳಿ. ಅದು ಕೊಡಲೇಬೇಕು, ಟೆಲಿಕಾಂ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್‌ನ 2012ರ ನಿಯಮದಲ್ಲಿದೆ. ಸ್ಥಳೀಯ ಹುಡುಗನಿಗೆ ಮಾತ್ರ ವಾಟ್ಸಾಪ್ ಮಾಡಿ ಸುಮ್ನೆ ಇದ್ದರೆ ಕಂಪನಿ ಲೆಕ್ಕದಲ್ಲಿ ನಿಮ್ಮ ನೆಟ್ ಹೋಗಿಯೇ ಇಲ್ಲ. ಸರಿಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ ಹಾಕಿ. ಅದಕ್ಕೆ ದುಡ್ಡಿಲ್ಲ, 39 ದಿನದೊಳಗೆ ಅವರು ತೀರ್ಮಾನ ಹೇಳಬೇಕು. ನನಗೆ ಮೂರು ವಾರದಲ್ಲಿ ಆ ದಿನಗಳ ಬಾಡಿಗೆ ಮುಂದಿನ ಬಿಲ್‌ನಲ್ಲಿ ಕಳೆದರು. ಮೊತ್ತ ಒಂದು ಪ್ಲೇಟ್ ಬಿರಿಯಾನಿಯಷ್ಟೇ. ಆದರೂ ರುಚಿಯಾಗಿತ್ತು.

ನೇರ ಟ್ರಾಯ್‌ಗೆ ಬರೆದು ಕಾಯಬೇಡಿ, ಅವರು ಒಬ್ಬೊಬ್ಬರ ದೂರು ತೀರ್ಮಾನ ಮಾಡುವುದಿಲ್ಲ. 1915 ಗ್ರಾಹಕರ ಸಹಾಯವಾಣಿ ಇದೆ, ಅಲ್ಲಿ ದಾಖಲಿಸಬಹುದು.

ಹಾಗೇ ತಿಳಿದಿರಲಿ: 2023ರ ಜನವರಿ ತನಕ ನಮ್ಮ ದೇಶದಲ್ಲಿ 512 ಕೆಬಿಪಿಎಸ್ ಬಂದರೂ ಅದು ‘ಬ್ರಾಡ್‌ಬ್ಯಾಂಡ್’. ಈಗ 2 ಎಂಬಿಪಿಎಸ್. ಕಾಯ್ದೆ ಇಟ್ಟುಕೊಂಡು ಸ್ಪೀಡ್‌ಗೆ ಜಗಳ ಮಾಡುವುದು ಕಷ್ಟ, ದಿನ ಲೆಕ್ಕ ಇಟ್ಟುಕೊಂಡು ಮಾಡುವುದು ಸುಲಭ.

ಗಾಳಿಬೀಡು · ಮೇ 7, ರಾತ್ರಿ

ಎಲ್ಲ ಸರಿ, ಆದರೆ ದೊಡ್ಡ ಮಳೆ ಬಂದರೆ ಯಾವುದೂ ಇಲ್ಲ ಅಂತಲೂ ಇಟ್ಟುಕೊಳ್ಳಿ. 2018ರ ಆಗಸ್ಟ್‌ನಲ್ಲಿ ನಾವು ನೋಡಿದ್ದೇವೆ. ಕೇಬಲ್ ರಸ್ತೆ ಪಕ್ಕದಲ್ಲೇ ಹೋಗುವುದು. ರಸ್ತೆ ಜಾರಿದರೆ ಕೇಬಲ್ಲೂ ಜಾರುತ್ತದೆ. ಮಡಿಕೇರಿಯಿಂದ ಸಂಪಾಜೆ ಕಡೆ ರಸ್ತೆಯೇ ಇರಲಿಲ್ಲ, ನೆಟ್ ಯಾರು ಕೇಳುತ್ತಾರೆ. ಅದಕ್ಕೇ ನಾನು ಮನೆಯಲ್ಲಿ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇಟ್ಟುಕೊಂಡಿದ್ದೇನೆ.

ಗೋಣಿಕೊಪ್ಪ ಗೇಮ್ · ಮೇ 7, ರಾತ್ರಿ

ಉಪಗ್ರಹದ್ದು ಬಂದರೆ ಎಲ್ಲ ಮುಗಿಯುತ್ತದೆ ನೋಡಿ. ಸ್ಟಾರ್‌ಲಿಂಕ್‌ಗೆ 2025ರಲ್ಲೇ ಲೈಸೆನ್ಸ್ ಸಿಕ್ಕಿದೆ.

ಹಳೇ ಟೆಲಿಫೋನ್ · ಮೇ 7, ರಾತ್ರಿ

ಅದಕ್ಕೂ ಆಕಾಶ ತೆರೆದು ಕಾಣಬೇಕಪ್ಪ. ನೆರಳಿನ ಮರ ಕಡಿದು ನೆಟ್ ಹಾಕಿಸುತ್ತೀಯಾ? ಕಾಫಿಯನ್ನೂ ಉಪಗ್ರಹದಿಂದಲೇ ತರಿಸಬೇಕಾಗುತ್ತದೆ.

ವಾಪಸ್ ಬಂದವಳು · ಮೇ 25

ಹಾಕಿಸಿದೆ. ಫೈಬರ್, 30ರ ಪ್ಲಾನ್. ನನ್ನ ಮೀಟಿಂಗ್‌ಗೆ ನಾಲ್ಕೈದು ಎಂಬಿಪಿಎಸ್ ಸಾಕು, ಅಮ್ಮನ ಸೀರಿಯಲ್‌ಗೆ ಇನ್ನೈದು. 100 ಬೇಕಾದರೆ ಆಮೇಲೆ ಏರಿಸಿಕೊಳ್ಳಬಹುದಂತೆ.

ಕೇಬಲ್‌ನವರಿಗೆ ‘ಒಂದೇ ರೋಲ್ ಬೇಕು, ಸುರುಳಿ ಬಿಡಿ, ಉಕ್ಕಿನ ತಂತಿ ಹೊರಗೇ ಕತ್ತರಿಸಿ’ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೀವು ಯಾವ ಕಂಪನಿಯಲ್ಲಿ ಕೆಲಸ?’ ಅಂತ ಕೇಳಿದರು. ರೂಟರ್‌ಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಒಂದು ತಂದೆ, ನಾಲ್ಕು ಗಂಟೆ ಓಡುತ್ತದೆ. ಅವರ ಮಷಿನ್ ಇರುವ ಕಡೆಗೂ ಹೋಗಿ ಬ್ಯಾಟರಿ ನೋಡಿ ಬಂದೆ. ಎರಡಿದೆ. ಒಂದು ಹೊಸದು.

ಬೆಳಕು ಮೈನಸ್ 23.

ಹಳೇ ಟೆಲಿಫೋನ್ · ಮೇ 25

ನಿಮ್ಮ ದೂರಕ್ಕೆ 20, 21 ಬರಬೇಕಿತ್ತು. ಎಲ್ಲೋ ಒಂದು ಜಾಯಿಂಟ್ ಕೈಯಲ್ಲಿ ಒತ್ತಿದ್ದಾರೆ. ಈಗ ಓಡುತ್ತದೆ. ದಿನಾ ನೋಡಿ ಬರೆದಿಡಿ.

ವಾಪಸ್ ಬಂದವಳು · ಜುಲೈ 22

ಸರ್, ನೀವು ಹೇಳಿದ್ದೇ ಆಯಿತು. ಜೂನ್ ಪೂರ್ತಿ ಚೆನ್ನಾಗಿತ್ತು. ಹೋದ ವಾರ 24, 25, ಭಾನುವಾರ 26.5. ಸೋಮವಾರ ಬೆಳಗ್ಗೆ ಕೆಂಪು ದೀಪ. ಡಾಕೆಟ್ ನಂಬರ್ ತೆಗೆದುಕೊಂಡೆ, ಕೇಬಲ್‌ನವರಿಗೂ ಫೋನ್ ಮಾಡಿದೆ. ‘ವೈರ್ ಹೋಗಿದೆ’ ಅನ್ನಲಿಲ್ಲ, ‘ಐದು ದಿನದಿಂದ ದಿನಾ ಇಳಿಯುತ್ತಿತ್ತು’ ಅಂದೆ. ಅವರು ತೋಟದ ಕಡೆ ಬರಲೇ ಇಲ್ಲ. ನೇರ ಮುಖ್ಯ ರಸ್ತೆಯ ತಿರುವಿನ ಕಂಬಕ್ಕೆ ಹೋಗಿ ಜಾಯಿಂಟ್ ಡಬ್ಬ ಬಿಚ್ಚಿದರು. ಒಳಗೆ ಅರ್ಧ ಲೋಟ ನೀರು, ಮೂಲೆಯಲ್ಲಿ ಇರುವೆ ಮೊಟ್ಟೆ. ನಾನು ಕೊಡೆ ಹಿಡಿದೆ, ಅವರು ಜೀಪಿನ ಬಾನೆಟ್ ಮೇಲೆ ಮಷಿನ್ ಇಟ್ಟು ಸೇರಿಸಿದರು. ಮಂಗಳವಾರ ಮಧ್ಯಾಹ್ನ ನೆಟ್ ಬಂತು.

ದಿನಾ ಬರೆದಿಟ್ಟದ್ದು ನಾನಲ್ಲ, ಅಪ್ಪ. ನಲವತ್ತು ವರ್ಷದಿಂದ ಬೆಳಗ್ಗೆ ಎಂಟಕ್ಕೆ ಮಳೆ ಅಳೆದು ಡೈರಿಯಲ್ಲಿ ಬರೆಯುವವರು. ಈಗ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದಿದ್ದಾರೆ. ಇವತ್ತಿನದು: ಮಳೆ 4 ಇಂಚು 20 ಸೆಂಟ್, ಬೆಳಕು ಮೈನಸ್ 20.8.

ಹಳೇ ಟೆಲಿಫೋನ್ · ಜುಲೈ 22

ಈಗ ಸರಿಯಾಯಿತು. ಹಂಚು ಹಾಕಿಸಿದಿರಾ?